ಮಾನ್ವಿಯ ಉಭಯವಾಸಿಗಳು

ಉರುಕುಂದಪ್ಪನಿಗೆ ಈ ಲೋಕದಲ್ಲಿ ಆಡಲು ಬಾರದ ಮಾತು ಒಂದೇ ಒಂದು. ‘ನನಗೆ ತಿಳಿಯಲಿಲ್ಲ’ ಎಂಬುದು ಆ ಮಾತು. ಹಿಂದೊಮ್ಮೆ ಪಕ್ಕದ ಮನೆಯವರ ಅಳಿಯ ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಏನನ್ನೋ ವಿವರಿಸಿದ್ದ. ಉರುಕುಂದಪ್ಪ “ಖರೇ ಅದ, ಖರೇ ಅದ” ಎಂದು ತಲೆಯಾಡಿಸುತ್ತ ಕೂತಿದ್ದ. “ಹಂಗಾರ ನಿಮ್ಮ ಮನಿಗೂ ಒಂದು ಹಾಕಿಸ್ತೀನಿ” ಎಂದು ಅಳಿಯ ಎದ್ದುಹೋದ. ಆ ವಾರವೇ ಇಬ್ಬರು ಬಂದು ಮಾಳಿಗೆಯ ಮೇಲೆ ಒಂದು ದೊಡ್ಡ ತಟ್ಟೆ ಬಿಗಿದು ಹೋದರು. ಅದು ಏನು, ಯಾತಕ್ಕೆ ಎಂಬುದು ಉರುಕುಂದಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿ ಗೋಪಮ್ಮ ಅದರಲ್ಲಿ ಸಂಡಿಗೆ ಒಣಗಿಸುತ್ತಾಳೆ.

ಇಂಥ ಉರುಕುಂದಪ್ಪ ಮಾನ್ವಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಇಲಾಖೆ ಎಂದು ಹೇಳುವುದಿಲ್ಲ; ಹೇಳಿದರೆ ಆ ಒಂದು ಇಲಾಖೆಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ಎಲ್ಲ ಇಲಾಖೆಗಳೂ ‘ನಮ್ಮದಲ್ಲ’ ಎಂದು ಸಮಾಧಾನದಿಂದ ಇರುತ್ತವೆ. ನೌಕರನಾದವನು ಕೆಲಸದ ಊರಿನಲ್ಲೇ ವಾಸವಿರಬೇಕು ಎಂಬ ನಿಯಮ ಆ ಕಚೇರಿಯ ಗೋಡೆಯ ಮೇಲಿತ್ತು. ನೌಕರರು ರಾಯಚೂರಿನಲ್ಲಿದ್ದರು. ಬೆಳಿಗ್ಗೆ ಬಸ್ಸು ಅವರನ್ನು ಮಾನ್ವಿಯಲ್ಲಿ ಸುರಿಯುತ್ತಿತ್ತು, ಬಿಸಿಲು ಇಳಿಯುವ ಮುಂಚೆಯೇ ಇನ್ನೊಂದು ಬಸ್ಸು ಬಾಚಿಕೊಂಡು ಹೋಗುತ್ತಿತ್ತು. ಸಾಹೇಬರು ಶಂಭುಲಿಂಗಪ್ಪನವರೂ ರಾಯಚೂರಿನವರೇ. ಅವರು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು ಎಂಬುದಷ್ಟೇ ವ್ಯತ್ಯಾಸ.

ಜೂನ್ ತಿಂಗಳು. ಮಳೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುವ ಹೊತ್ತು. ಮೇಲಿನ ಕಚೇರಿಯಿಂದ ವಿಡಿಯೋ ಮೀಟಿಂಗ್ ಎಂದು ಕರೆ ಬಂತು.

“ಉರುಕುಂದಪ್ಪ, ನಾ ಫೀಲ್ಡಿಗೆ ಹೊಂಟೀನಿ. ಮೀಟಿಂಗಿಗೆ ನೀ ಕುಂದ್ರು. ಏನ್ ಹೇಳ್ತಾರ ಪೂರಾ ತಿಳಕೋ,” ಎಂದರು ಶಂಭುಲಿಂಗಪ್ಪ. ಫೀಲ್ಡು ಎಂದರೆ ರಾಯಚೂರಿನ ಅವರ ಮನೆ ಎಂಬುದು ಕಚೇರಿಯ ಬೆಕ್ಕಿಗೂ ಗೊತ್ತಿತ್ತು.

ಪರದೆಯ ಮೇಲೆ ಒಬ್ಬ ಅಧಿಕಾರಿಣಿಯ ಮುಖ ಮೂಡಿತು, ಬಾಯಿ ತೆರೆಯಿತು, ಹಾಗೇ ನಿಂತಿತು. ಮಾತು ಮಾತ್ರ ಹರಿದ ಬಟ್ಟೆಯ ಚೂರುಗಳ ಹಾಗೆ ಬರತೊಡಗಿತು.

“…ಈ ಸಲ ಉಭಯವಾಸಿಗಳ ಗಣತಿ. ಉಭಯವಾಸಿ ಅಂದರೆ ಎರಡು ಕಡೆ ಬದುಕುವಂಥವು…” ನೆಟ್‌ವರ್ಕ್ ಹೋಯಿತು. ಬಂತು. “…ಮೂರು ವರ್ಗ. ಬಾಲ ಇರುವಂಥವು, ಬಾಲ ಇಲ್ಲದಂಥವು, ಕಾಲೇ ಇಲ್ಲದಂಥವು…” ಮತ್ತೆ ಹೋಯಿತು. “…ತಣ್ಣನೆಯ ರಕ್ತ. ಬೇಸಿಗೆಯಲ್ಲಿ ತಂಪು ಜಾಗ ಹುಡುಕಿ ಮಲಗಿಬಿಡುತ್ತವೆ… ನಾಲಗೆ ಚಾಚಿ ಸಿಕ್ಕಿದ್ದನ್ನು ನುಂಗುತ್ತವೆ… ಚರ್ಮದಿಂದಲೂ ಉಸಿರಾಡುತ್ತವೆ… ಸಣ್ಣವಿದ್ದಾಗ ಒಂದು ರೂಪ, ಬೆಳೆದ ಮೇಲೆ ಪೂರ್ತಿ ಬೇರೆಯೇ ರೂಪ… ಈಗ ಚಿತ್ರ ತೋರಿಸುತ್ತೇನೆ.” ಪರದೆ ಕಪ್ಪಾಯಿತು.

ಕೊನೆಗೆ ಕತ್ತಲೆಯೊಳಗಿಂದ ದನಿಯೊಂದು ಕೇಳಿತು: “ಮಾನ್ವಿ, ಅರ್ಥ ಆಯ್ತೇನ್ರಿ?”

“ಪೂರ್ತಿ ಆತ್ರಿ,” ಎಂದ ಉರುಕುಂದಪ್ಪ.

ಆಮೇಲೆ ಅವನು ಕುರ್ಚಿಯಲ್ಲಿ ಒರಗಿ ಯೋಚಿಸಿದ. ಎರಡು ಕಡೆ ಬದುಕುವಂಥವು! ರಾಯಚೂರಿನಲ್ಲಿ ಮನೆ, ಮಾನ್ವಿಯಲ್ಲಿ ಕುರ್ಚಿ. ಬೇಸಿಗೆಯಲ್ಲಿ ಕೂಲರಿನ ಮುಂದೆ ನಿದ್ದೆ. ಸಿಕ್ಕಿದ್ದನ್ನು ನುಂಗುವುದು. ಪ್ರಮೋಶನ್ನಿಗೆ ಮುಂಚೆ ಒಂದು ರೂಪ, ಆಮೇಲೆ ಇನ್ನೊಂದು. ಎಷ್ಟು ಬೈದರೂ ಬಿಸಿಯಾಗದ ರಕ್ತ. ಒಂದು ಅಕ್ಷರವೂ ಆಚೀಚೆ ಇರಲಿಲ್ಲ. ‘ಅವು, ಇವು’ ಎಂದು ಕರೆದದ್ದಂತೂ ಅವನಿಗೆ ವಿಚಿತ್ರವೆನಿಸಲೇ ಇಲ್ಲ. ಮೇಲಿನವರು ಕೆಳಗಿನವರನ್ನು ಮನುಷ್ಯರ ಲೆಕ್ಕದಲ್ಲಿ ಮಾತಾಡಿಸಿದ್ದನ್ನು ಅವನು ಇಷ್ಟು ವರ್ಷದ ನೌಕರಿಯಲ್ಲಿ ಕೇಳಿರಲಿಲ್ಲ.

ಸುದ್ದಿ ಕೇಳಿದ ಶಂಭುಲಿಂಗಪ್ಪನವರು ಮರುದಿನ ಮೊದಲ ಬಸ್ಸಿಗೇ ಬಂದುಬಿಟ್ಟರು. ಆ ಬಸ್ಸು ಅಷ್ಟು ಬೇಗ ಹೊರಡುತ್ತದೆಂಬುದೇ ಅವರಿಗೆ ಹೊಸ ಸಂಗತಿ. ಬಾಗಿಲು ಹಾಕಿಸಿ ಕೇಳಿದರು:

“ಬಾಲ ಇರೋರು ಅಂದ್ರ ಯಾರಲೇ?”

ಉರುಕುಂದಪ್ಪ ರಾತ್ರಿಯೆಲ್ಲ ಇದನ್ನೇ ಬಿಡಿಸಿದ್ದ. “ಯಾವಾಗ್ಲೂ ಹಿಂದ ಒಬ್ಬನ್ನ ಕಟಗೊಂಡು ತಿರಗೋರು ಇರ್ತಾರಲ್ರಿ, ಅವ್ರು. ಒಬ್ರ ಬಂದು ಒಬ್ರ ಹೋಗೋರು ಬಾಲ ಇಲ್ಲದೋರು.”

“ಮತ್ತ ಕಾಲಿಲ್ಲದೋರು?”

“ಕಚೇರಿ ಕಡಿ ಕಾಲ ಇಡದೋರು ರೀ.”

ಶಂಭುಲಿಂಗಪ್ಪನವರ ಕಣ್ಣಿಗೆ ಎರಡು ಮೂರು ಮುಖಗಳು ಕಟ್ಟಿದವು. “ಯಪ್ಪಾ, ಎಷ್ಟು ಖರೆ ವರ್ಗ ಮಾಡ್ಯಾರೋ ಮ್ಯಾಲಿನೋರು! ಒಳಗಿನ ಮಂದೀನ ಹೇಳಿರಬೇಕು.” ಆಮೇಲೆ ಅವರ ದನಿ ತಗ್ಗಿತು. “ಕುಂದ್ರು ಉರುಕುಂದಪ್ಪ. ಅಲ್ಲಪಾ, ಆ ಕುರ್ಚಿ ಬ್ಯಾಡ, ಈ ಕುರ್ಚಿ ಮ್ಯಾಲ ಕುಂದ್ರು. ನನ್ನನ್ನ ಯಾವುದರಾಗ ಹಾಕ್ತಿ?”

ಹೀಗೆ ಉರುಕುಂದಪ್ಪನ ದಿನಮಾನ ಸುರುವಾಯಿತು. ಬಸ್ಸಿನಲ್ಲಿ ಅವನಿಗೆ ಕಿಟಕಿಯ ಸೀಟು ಸಿಕ್ಕಿತು. ಅವನನ್ನು ‘ಏಯ್’ ಎನ್ನುತ್ತಿದ್ದವರು ‘ಅಣ್ಣಾರ’ ಎಂದರು. ಒಬ್ಬರು ಗಡಿಗೆ ಮೊಸರು ತಂದರು, ಒಬ್ಬರು ಸಜ್ಜಿ ರೊಟ್ಟಿ ತಂದರು, ದವಾಖಾನೆಯ ಡಾಕ್ಟರೊಬ್ಬರು ಕೇಳದೆಯೇ ಅವನ ನಾಡಿ ಹಿಡಿದು “ಭಾಳ ದಣದೀರಿ” ಎಂದು ಮರುಗಿದರು. ಅವನು ಯಾರ ಕಚೇರಿಗೆ ಕಾಲಿಟ್ಟರೂ ಕೂಲರು ಬಂದ್ ಆಗುತ್ತಿತ್ತು, ನಿದ್ದೆ ಹಾರುತ್ತಿತ್ತು, ಫೈಲುಗಳು ತೆರೆದುಕೊಳ್ಳುತ್ತಿದ್ದವು. ಉರುಕುಂದಪ್ಪ ಸುಮ್ಮನೆ ನಿಂತು ಅವರ ಹಿಂದೆ ಮುಂದೆ ದಿಟ್ಟಿಸುತ್ತಿದ್ದ. ಬಾಲ ಹುಡುಕುವವನ ಕಣ್ಣು ಅದು. ಎಂಥವರಿಗೂ ಬೆವರು ಬರುತ್ತಿತ್ತು.

ಕವಿತಾಳದ ಒಂದು ಶಾಲೆಗೆ ಹೋದಾಗ ಮಾತ್ರ ಕೆಲಸ ಸೂಕ್ಷ್ಮವಾಯಿತು. ಅಲ್ಲಿನ ಹೆಡ್‌ಮಾಸ್ತರು ಯಲ್ಲಾಲಿಂಗ ಗೋಪಮ್ಮನ ಸ್ವಂತ ಅಣ್ಣ. ಆತನೂ ರಾಯಚೂರಿನಿಂದಲೇ ಬರುವವನು. ಬರುವಾಗ ಹಿಂದೆ ಗಡಿಗೆಪ್ಪ ಎಂಬೊಬ್ಬ ಆಸಾಮಿ ಇದ್ದೇ ಇರುತ್ತಿದ್ದ. ಆತ ಊಟದ ಡಬ್ಬಿ ಹಿಡಿಯುತ್ತಿದ್ದ, ಕೊಡೆ ಹಿಡಿಯುತ್ತಿದ್ದ, ಹೆಡ್‌ಮಾಸ್ತರು ನಕ್ಕರೆ ನಗುತ್ತಿದ್ದ. ಅವನಿಗೆ ಬೇರೆ ಕೆಲಸವಿದ್ದಂತೆ ಯಾರೂ ಕಂಡಿರಲಿಲ್ಲ.

“ಭಾವ, ತಪ್ಪ ತಿಳಿಬ್ಯಾಡ್ರಿ,” ಎಂದ ಉರುಕುಂದಪ್ಪ. “ನಿಮ್ಮನ್ನ ಬಾಲ ಇರೋರೊಳಗ ಹಾಕಬೇಕಾಗ್ಯದ.”

ಸ್ಟಾಫ್ ರೂಮಿನ ಮಾಸ್ತರರೆಲ್ಲ ತಿರುಗಿ ನೋಡಿದರು. ಹೊಸದಾಗಿ ಬಂದಿದ್ದ ವಿಜ್ಞಾನದ ಮಾಸ್ತರು ಕಿರಣಕುಮಾರ ಮೆಲ್ಲನೆ ಕೈ ಎತ್ತಿದ. “ಸರ, ಉಭಯವಾಸಿ ಅಂದ್ರ ಕಪ್ಪಿ ಅಲ್ಲೇನ್ರಿ? ಏಳನೇ ಕ್ಲಾಸಿನ ಪಾಠದಾಗ ಅದ.”

ಉರುಕುಂದಪ್ಪನ ಹೊಟ್ಟೆಯಲ್ಲಿ ಏನೋ ಒಂದು ಕುಪ್ಪಳಿಸಿತು. ಆದರೆ ಅವನು ಬಾಯಿ ತೆರೆಯುವ ಮೊದಲೇ ಯಲ್ಲಾಲಿಂಗ ಕನಿಕರದಿಂದ ನಕ್ಕ. “ತಮ್ಮಾ, ನೀ ಇನ್ನಾ ಸಣ್ಣಾವ. ಸರ್ಕಾರ ಗುಟ್ಟಿನ ಕೆಲಸಕ್ಕ ಖುಲ್ಲಂಖುಲ್ಲಾ ಹೆಸರು ಇಡ್ತದೇನು? ‘ಊರು ಬಿಟ್ಟ ನೌಕರರ ಗಣತಿ’ ಅಂದ್ರ ನಾಳೆ ಎಲ್ಲಾರೂ ಹುಷಾರ್ ಆಗ್ತಾರ. ಅದಕ್ಕ ಕಪ್ಪಿ ಅಂತ ಹೆಸರಿಟ್ಟಾರ. ಕಪ್ಪಿ ಅಂದ್ರ ಯಾರು? ನಾವ!”

“ನಾವ,” ಎಂದ ಗಡಿಗೆಪ್ಪ ಹಿಂದಿನಿಂದ.

ತನಗಿಂತ ಚೆನ್ನಾಗಿ ತನ್ನ ತಪ್ಪನ್ನು ಬೇರೆಯವರೇ ಕಟ್ಟಿ ನಿಲ್ಲಿಸಿದ್ದನ್ನು ನೋಡಿ ಉರುಕುಂದಪ್ಪನ ಹೊಟ್ಟೆ ತಣ್ಣಗಾಯಿತು. “ಖರೇ ಅದ,” ಎಂದ.

ಆ ಸಂಜೆ ರಾಯಚೂರು ಬಸ್‌ಸ್ಟ್ಯಾಂಡಿನ ಚಹದ ಅಂಗಡಿಯಲ್ಲಿ ದೇವದುರ್ಗದ ಮೀರಾಹುಸೇನ ಸಿಕ್ಕ. ಅದೇ ಇಲಾಖೆ, ಅದೇ ಹುದ್ದೆ. ಆತನ ಕಚೇರಿಯಲ್ಲಿ ಮೀಟಿಂಗಿನ ದಿನ ನೆಟ್‌ವರ್ಕ್ ಸರಿಯಾಗಿತ್ತು ಎಂಬುದಷ್ಟೇ ವ್ಯತ್ಯಾಸ. ಆತನ ಪ್ಯಾಂಟು ಮೊಣಕಾಲಿನ ತನಕ ಕೆಸರಾಗಿತ್ತು.

“ಉರುಕುಂದಣ್ಣ, ಗಣತಿ ಹೆಂಗ ನಡದದ?” ಎಂದ ಮೀರಾಹುಸೇನ. “ನಮ್ಮಲ್ಲಿ ಕಾಲುವಿ ದಂಡಿಗುಂಟ ಭಾಳ ಸಿಕ್ಕಾವ.”

“ನಮ್ಮಲ್ಲಿ ಬಸ್‌ಸ್ಟ್ಯಾಂಡ್ ಕಡಿನ ಜಾಸ್ತಿ,” ಎಂದ ಉರುಕುಂದಪ್ಪ.

“ನಮ್ಮಲ್ಲಿ ಹೊತ್ತು ಮುಳಗಿದ ಮ್ಯಾಲ ಹೊರಬೀಳ್ತಾವ.”

“ನಮ್ಮಲ್ಲಿ ಹೊತ್ತು ಮುಳಗಿದ ಮ್ಯಾಲ ಒಂದೂ ಸಿಗಂಗಿಲ್ಲ.”

ಮೀರಾಹುಸೇನ ಆಶ್ಚರ್ಯಪಟ್ಟ. “ಕೈಯಾಗ ಹಿಡದ್ರ ಉಚ್ಚಿ ಹೊಯ್ತಾವ ನೋಡು!”

“ನಮ್ಮೋರು ಕೈ ಹಚ್ಚಾಕೂ ಮುಂಚೆನ ಹೊಯ್ಯಾಕತ್ತಾರ.”

“ನಾ ನಾಕು ಹಿಡದು ಡಬ್ಬ್ಯಾಗ ಹಾಕೀನಿ. ಉಸಿರಾಡ್ಲಿ ಅಂತ ಮುಚ್ಚಳಕ್ಕ ತೂತು ಹಾಕೀನಿ. ದೊಡ್ಡ ಸಾಹೇಬ್ರು ಬಂದಾಗ ತೋರಸಬೇಕು.”

ಉರುಕುಂದಪ್ಪ ಗಾಬರಿಯಿಂದ ಎದ್ದು ನಿಂತ. ದೇವದುರ್ಗದಲ್ಲಿ ಹಿಡಿದು ಒಳಗೆ ಹಾಕುವುದೇ ಸುರುವಾಗಿದೆ! ಅದೂ ಗಾಳಿಗೆ ತೂತು ಕೊರೆದ ಕೋಣೆಯಲ್ಲಿ! ಅವನು ಚಹ ಅರ್ಧಕ್ಕೇ ಬಿಟ್ಟು ಶಂಭುಲಿಂಗಪ್ಪನವರ ಮನೆಗೆ ಓಡಿದ.

ಮರುದಿನ ಮಾನ್ವಿಯಲ್ಲಿ ಖಾಲಿ ಮನೆಗಳಿಗೆ ಬರ ಬಂತು. ಖತೀಜಾ ಬೀ ಎಂಬ ಮುದುಕಿಯ ವಠಾರದ ಕೋಣೆಗಳಲ್ಲಿ ವರ್ಷಗಟ್ಟಲೆ ಪಾರಿವಾಳಗಳು ಬಾಡಿಗೆಯಿಲ್ಲದೆ ಸಂಸಾರ ಮಾಡಿದ್ದವು. ಈಗ ಅದರ ಬಾಗಿಲಿಗೆ ಹಾಸಿಗೆ ಸುರುಳಿ ಹೊತ್ತ ಅಧಿಕಾರಿಗಳ ಸಾಲು ನಿಂತಿತು.

“ಯಾ ಅಲ್ಲಾ! ಏನ್ರಿ ಸಾಹೇಬ್ರಾ,” ಎಂದಳು ಖತೀಜಾ ಬೀ ಉರುಕುಂದಪ್ಪನಿಗೆ, “ಇಷ್ಟ ದಿನ ಕರದ್ರೂ ಒಬ್ರೂ ಬರ್ಲಿಲ್ಲ, ಈಗ ಒಮ್ಮೆಲೆ ಊರೆಲ್ಲಾ ನನ್ನ ಮನಿಗೇ ಬರಾಕತ್ತದ. ರಾಯಚೂರಾಗ ಏನರ ಭೂಕಂಪ ಆತೇನ್ರಿ?”

“ಉಭಯವಾಸಿಗಳು ಅಮ್ಮಾ,” ಎಂದ ಉರುಕುಂದಪ್ಪ ಗಂಭೀರವಾಗಿ.

“ಯಾವ ಜಾತಿ ಮಂದಿ ಇರಲಿ, ನೀರು ಕೆಡಸಬಾರದು ಅಷ್ಟ,” ಎಂದು ಖತೀಜಾ ಬೀ ಪಾರಿವಾಳಗಳನ್ನು ಓಡಿಸಿದಳು. ಶಂಭುಲಿಂಗಪ್ಪನವರಿಗೆ ಬಾವಿ ಪಕ್ಕದ ಕೋಣೆ ಸಿಕ್ಕಿತು. ಹಗಲೆಲ್ಲ ಅವರು ಕಚೇರಿಯಲ್ಲಿ, ಸಂಜೆಯೆಲ್ಲ ಆ ಕೋಣೆಯ ಹೊಸ್ತಿಲ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂರತೊಡಗಿದರು.

ಇತ್ತ ರಾಯಚೂರಿನ ಮನೆಯಲ್ಲಿ ಗೋಪಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಗಂಡನಿಗಾಗಿ ಕಾದಿದ್ದಳು. ಯಂತ್ರ ನಿಂತಿತೆಂದರೆ ಮನೆಯಲ್ಲಿ ಏನೋ ಹರಿಯುತ್ತದೆ ಎಂದು ಅರ್ಥ.

“ನಮ್ಮಣ್ಣಗ ಬಾಲ ಅದ ಅಂತ ಹೇಳೀರೇನ್ರಿ?”

“ಗೋಪಾ, ಅದು ಸರ್ಕಾರಿ ಗುಟ್ಟು.”

“ನಾ ಅವನ ಬೆನ್ನಿಗೆ ಬಿದ್ದಾಕಿ. ಸಣ್ಣಾಕಿದ್ದಾಗ ಅವನ ಮಗ್ಗಲದಾಗ ಕುಂತು ನಾನೂ ನೀರು ಎರಕೊಂಡೀನಿ. ಬಾಲ ಇದ್ದಿದ್ರ ನನಗ ಕಾಣ್ತಿದ್ದಿಲ್ಲೇನು?”

“ಹಂಗಲ್ಲ, ಇದು ಬ್ಯಾರೆ ಬಾಲ…”

“ಎಂಥಾ ಬಾಲ ಆದ್ರೂ ತಗೀರಿ. ತಗಿಯೋತನ ಈ ಮನ್ಯಾಗ ಒಲಿ ಹಚ್ಚಂಗಿಲ್ಲ.”

ತೆಗೆಯುವ ಹಾಗಿರಲಿಲ್ಲ. ಆ ಮಧ್ಯಾಹ್ನವೇ ಉರುಕುಂದಪ್ಪ ಮೇಲಿನ ಕಚೇರಿಗೆ ಫೋನು ಮಾಡಿ ಒಟ್ಟು ಲೆಕ್ಕ ಒಪ್ಪಿಸಿಬಿಟ್ಟಿದ್ದ: ಬಾಲ ಇರುವಂಥವು ಇಪ್ಪತ್ತೇಳು, ಕಾಲಿಲ್ಲದಂಥವು ಮೂರು, ಬಾಲ ಇಲ್ಲದಂಥವು ಹೇರಳ. ಆ ರಾತ್ರಿ ಅವನು ಒಣ ಮಂಡಾಳು, ಅಂದರೆ ಬರೀ ಮಂಡಕ್ಕಿ, ತಿಂದು ಮಲಗಿದ.

ಬೆಳಗಾದರೆ ಫೋನು. ಹೆಸರು ದಾನೇಶ್ವರಿ, ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಣಿಶಾಸ್ತ್ರದ ಡಾಕ್ಟರಂತೆ. ದನಿ ಉಬ್ಬಸ ಬಂದವರ ಹಾಗೆ ಏರಿಳಿಯುತ್ತಿತ್ತು.

“ಬಾಲ ಇರೋ ಉಭಯವಾಸಿ ನೋಡೀನಿ ಅಂದವ್ರು ನೀವೇನ್ರಿ? ಕಣ್ಣಾರೆ ನೋಡೀರೇನು?”

“ದಿನಾ ನೋಡ್ತೀನ್ರಿ ಮೇಡಂ. ಒಂದಂತೂ ನಮ್ಮ ಮನಿಗೂ ಬರ್ತದ್ರಿ, ಹಬ್ಬ ಹುಣ್ಣಿವಿಗೆ.” ಮೇಲಿನವರ ಭಾಷೆಯಲ್ಲೇ ಮಾತಾಡಬೇಕೆಂದು ಅವನು ‘ಅದು’ ಎಂದೇ ಹೇಳುತ್ತಿದ್ದ.

“ಹುಣ್ಣಿವಿಗೆ! ಚಂದ್ರನ ಲೆಕ್ಕ ಹಿಡೀತದ ಹಂಗಾರ… ಉದ್ದ ಎಷ್ಟದ್ರಿ?”

“ಐದೂವರೆ ಫೂಟ್ ಇರಬೇಕ್ರಿ.”

ಆ ಕಡೆ ಏನೋ ಬಿದ್ದು ಒಡೆದ ಸದ್ದಾಯಿತು. “ಇಂಚೇನ್ರಿ?”

“ಫೂಟ್ ರೀ ಮೇಡಂ.”

“ನಮ್ಮ ದೇಶದಾಗ ಬಾಲ ಇರೋವು ಸಿಗೋದು ಡಾರ್ಜಿಲಿಂಗ್ ಕಡಿ ಗುಡ್ಡದಾಗ. ಅವೂ ಗೇಣುದ್ದ ಇರ್ತಾವ. ಐದಾರು ಫೂಟಿನವು ಚೀನಾದ ಹೊಳ್ಯಾಗ ಮಾತ್ರ! ಎಲ್ಲಿ ಅದ ಅದು ಈಗ?”

“ಕವಿತಾಳದ ಸಾಲ್ಯಾಗ ರೀ. ಸ್ಟಾಫ್ ರೂಮಿನ್ಯಾಗ.”

“ಏನು ತಿಂತದ?”

“ಮುಂಜಾನೆ ಉಗ್ಗಾಣಿ, ಎರಡು ಮಿರ್ಚಿ.”

“ಅಯ್ಯಯ್ಯ! ಜನ ಅದಕ್ಕ ಮಿರ್ಚಿ ತಿನ್ನಸಾಕತ್ತಾರ? ಮೊದಲ ನಿಲ್ಲಸ್ರಿ! ಉಪ್ಪಂತೂ ತೋರಸಲೇಬ್ಯಾಡ್ರಿ. ಅದರ ಚರ್ಮ ಒಣಗಬಾರದು, ಒಣಗಿದ್ರ ಉಸಿರಾಡಾಕ ಆಗಂಗಿಲ್ಲ, ಸತ್ತಹೋಗ್ತದ. ಒದ್ದಿ ಬಟ್ಟಿ ಹೊದಿಸ್ರಿ. ಮುಟ್ಟೋರು ಕೈ ಒದ್ದಿ ಮಾಡ್ಕೊಂಡು ಮುಟ್ಟಬೇಕು. ನಾ ನಾಳೆ ಬರ್ತೀನಿ.”

ಉರುಕುಂದಪ್ಪ ಕವಿತಾಳಕ್ಕೆ ಓಡಿದ. ಮುಖ ತಿರುಗಿಸಿ ಕೂತಿದ್ದ ಯಲ್ಲಾಲಿಂಗ ಫೋನಿನ ಮಾತನ್ನೆಲ್ಲ ಕೇಳಿದ. ಒದ್ದೆ ಬಟ್ಟೆಯ ಮಾತು ಬಂದಾಗ ಅವನ ಮುಖ ಮೃದುವಾಯಿತು.

“ಉಸಿರಾಡಾಕ ಆಗಂಗಿಲ್ಲ ಅಂತ ಮೇಡಂ ಅವ್ರ ಅಂದ್ರೇನು?”

“ಸತ್ತಹೋಗ್ತದ ಅಂತ ಭಾಳ ಚಿಂತಿ ಮಾಡಿದ್ರು, ಭಾವ.”

“ನೋಡಲೇ ಗಡಿಗೆಪ್ಪ. ಇಷ್ಟು ವರ್ಷ ನೌಕರಿ ಮಾಡಿದೆ, ನನ್ನ ಉಸಿರಿನ ಚಿಂತಿ ಒಬ್ಬ ಅಧಿಕಾರಿ ಮಾಡ್ಲಿಲ್ಲ.” ಹೆಡ್‌ಮಾಸ್ತರ ಕಣ್ಣು ಒದ್ದೆಯಾದವು. ಗಡಿಗೆಪ್ಪನ ಕಣ್ಣೂ ಒದ್ದೆಯಾದವು.

ಮರುದಿನ ಆಕಾಶ ಕಪ್ಪಾಗಿ, ಕವಿತಾಳದ ಮೇಲೆ ಮೊದಲ ದೊಡ್ಡ ಮಳೆ ಸುರಿದು ನಿಂತಿತು. ಸ್ಟಾಫ್ ರೂಮಿನ ನಡುವೆ ಯಲ್ಲಾಲಿಂಗ ಕುರ್ಚಿಯ ಮೇಲೆ ಕೂತಿದ್ದ. ತಲೆಯ ಮೇಲೊಂದು ಒದ್ದೆ ಟವೆಲು, ಹೆಗಲ ಮೇಲೊಂದು ಒದ್ದೆ ಟವೆಲು, ಮೊಣಕಾಲಿನ ಮೇಲೊಂದು. ಬೆಳಗಿನಿಂದ ಉಪ್ಪಿಲ್ಲದ ಗಂಜಿ ಕುಡಿದಿದ್ದ. ಕಿರಣಕುಮಾರ ಆಗಾಗ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದ. ಕೆಳಗೆ ನೀರು ಹರಿದು ಹೊಸ್ತಿಲು ದಾಟಿತ್ತು. ಶಂಭುಲಿಂಗಪ್ಪನವರು ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾನ್ವಿಯ ಅಧಿಕಾರಿ ಸಮುದಾಯ, ಬಾಲ ಇದ್ದವರೂ ಇಲ್ಲದವರೂ, ಗೋಡೆಗಂಟಿ ನಿಂತಿತ್ತು.

ಜೀಪು ಬಂತು. ಜೀಪಿನ ಮೇಲೆ ಆರಡಿ ಉದ್ದದ ಪ್ಲಾಸ್ಟಿಕ್ ತೊಟ್ಟಿ. ನಾಲ್ಕು ಜನ ಅದನ್ನು ಇಳಿಸಿದರು. ಹಿಂದೆ ಬಲೆ ಹಿಡಿದ ದಾನೇಶ್ವರಿಯವರು, ಪ್ಯಾಂಟು ಮಡಿಚಿ, ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ನಡೆದು ಬಂದರು.

ತೊಟ್ಟಿ ಕಂಡದ್ದೇ ಯಲ್ಲಾಲಿಂಗ ಟವೆಲನ್ನು ಬಿಗಿಯಾಗಿ ಹೊದ್ದುಕೊಂಡ. “ಉರುಕುಂದಪ್ಪ, ನನ್ನ ಅದರಾಗ ಹಾಕಿ ಒಯ್ತಾರೇನಪಾ?” ಎಂದು ಪಿಸುಗುಟ್ಟಿದ.

“ಎಲ್ಲಿ ಅದ?” ಎಂದು ದಾನೇಶ್ವರಿಯವರೂ ಪಿಸುಗುಟ್ಟಿದರು.

“ಇವ್ರ ರೀ,” ಎಂದ ಉರುಕುಂದಪ್ಪ ಎರಡೂ ಕೈ ತೋರಿಸಿ.

ದಾನೇಶ್ವರಿಯವರು ಕುರ್ಚಿಯ ಕೆಳಗೆ ನೋಡಿದರು. ಕುರ್ಚಿಯ ಹಿಂದೆ ನೋಡಿದರು. ಟವೆಲು ಎತ್ತಿ ನೋಡಿದರು. ಯಲ್ಲಾಲಿಂಗ ವಿನಯದಿಂದ ಕೈ ಮುಗಿದ.

“ಬಾಲ ಇರೋದು ಎಲ್ಲಿ ಅಂದೆ ನಾನು.”

“ಇವ್ರ ಮೇಡಂ. ಬಾಲ ಹೊರಗ ನಿಂತದ. ಏ ಗಡಿಗೆಪ್ಪ, ಒಳಗ ಬಾರಪಾ!”

ಗಡಿಗೆಪ್ಪ ಊಟದ ಡಬ್ಬಿ ಹಿಡಿದು ಒಳಗೆ ಬಂದು ಹೆಡ್‌ಮಾಸ್ತರ ಹಿಂದೆ ಸರಿಯಾಗಿ ನಿಂತ.

ದಾನೇಶ್ವರಿಯವರು ಯಲ್ಲಾಲಿಂಗನನ್ನು ನೋಡಿದರು, ಗಡಿಗೆಪ್ಪನನ್ನು ನೋಡಿದರು, ಗೋಡೆಗಂಟಿದ ಸಾಲನ್ನು ನೋಡಿದರು. “ಇವ್ರು ಕಾಲಿಲ್ಲದೋರು ರೀ,” ಎಂದು ಉರುಕುಂದಪ್ಪ ಎರಡು ಕಾಲಿನ ಮೇಲೆ ಗಟ್ಟಿಯಾಗಿ ನಿಂತಿದ್ದ ಒಬ್ಬರನ್ನು ಪರಿಚಯಿಸಲು ಹೊರಟಾಗ ಅವರಿಗೆ ಎಲ್ಲ ಒಮ್ಮೆಲೆ ಹೊಳೆಯಿತು. ಮೊದಲು ತೊಟ್ಟಿಯ ಅಂಚು ಹಿಡಿದರು. ಆಮೇಲೆ ತೊಟ್ಟಿಯ ಒಳಗೇ ಕೂತರು. ಕೂತು, ಬಲೆಯನ್ನು ಮುಖಕ್ಕೆ ಒತ್ತಿಕೊಂಡು ನಕ್ಕರು. ಅವರು ನಕ್ಕ ರಭಸಕ್ಕೆ ತೊಟ್ಟಿ ಸ್ಟಾಫ್ ರೂಮಿನ ನೀರಿನಲ್ಲಿ ಎರಡಡಿ ಜಾರಿತು.

“ಏನ್ರಿಪಾ… ಉಭಯವಾಸಿ ಅಂದ್ರ ಕಪ್ಪಿ! ನೀರಾಗ ಹುಟ್ಟಿ ನೆಲದ ಮ್ಯಾಲ ಬದಕೋ ಪ್ರಾಣಿ!”

“ನಾ ಹೇಳಿದ್ದೆ,” ಎಂದ ಕಿರಣಕುಮಾರ. 

ಎಲ್ಲರ ಕಣ್ಣೂ ಉರುಕುಂದಪ್ಪನ ಮೇಲೆ ಬಿದ್ದವು. ತಪ್ಪಿಸಿಕೊಳ್ಳಲು ಅವನು ಬಾಗಿಲ ಕಡೆ ನೋಡಿದ, ಬಾಗಿಲಲ್ಲಿ ಶಂಭುಲಿಂಗಪ್ಪನವರಿದ್ದರು. ಅವನ ತುಟಿ ಅಲ್ಲಾಡಿತು. ಅಭ್ಯಾಸವಿಲ್ಲದ ಮಾತು, ಹೊರಬರಲು ಹೊತ್ತು ಹಿಡಿಯಿತು.

“ನನಗ… ತಿಳೀಲಿಲ್ರಿ ಮೇಡಂ.”

“ಇವನ್ನ ಈಗಿಂದೀಗ ಸಸ್ಪೆಂಡ್ ಮಾಡ್ತೀನಿ!” ಶಂಭುಲಿಂಗಪ್ಪನವರು ಹಾರವನ್ನು ನೆಲಕ್ಕೆ ಒಗೆದರು. “ನಮ್ಮನ್ನೆಲ್ಲಾ ಪಾರಿವಾಳದ ಗೂಡಿನ್ಯಾಗ ಮಲಗಿಸ್ಯಾನ!”

“ಮಾಡ್ರಿ,” ಎಂದರು ದಾನೇಶ್ವರಿ ಕಣ್ಣೊರೆಸಿಕೊಳ್ಳುತ್ತ. “ಕಾರಣ ಏನಂತ ಬರೀತೀರಿ?”

“ಕಪ್ಪಿ ಎಣಸ್ಲೇ ಅಂದ್ರ, ಕಪ್ಪಿ ಬಿಟ್ಟು…” ಶಂಭುಲಿಂಗಪ್ಪನವರ ಮಾತು ಅಲ್ಲಿಗೇ ನಿಂತಿತು. ಕಪ್ಪೆ ಬಿಟ್ಟು ಯಾರನ್ನು ಎಣಿಸಿದ ಎಂದು ಬರೆಯಬೇಕು? ಎಣಿಸಿದವರನ್ನು ಉಭಯವಾಸಿಗಳು ಎಂದದ್ದಕ್ಕೆ ಕಾರಣ ಏನೆಂದು ಬರೆಯಬೇಕು? ಅವರು ಮೆಲ್ಲನೆ ಬಾಗಿ ಹಾರವನ್ನು ಎತ್ತಿಕೊಂಡು ಕೆಸರು ಕೊಡವಿದರು.

“ನಂದೂ ಅದ ತಾಪತ್ರಯ,” ಎಂದರು ದಾನೇಶ್ವರಿ. “ಮಾನ್ವ್ಯಾಗ ಬಾಲದ್ದು ಇಪ್ಪತ್ತೇಳು ಅದಾವ ಅಂತ ಮ್ಯಾಲೆ ಸುದ್ದಿ ಹೋಗ್ಯದ. ಅಲ್ಲ, ಅದು ತಪ್ಪು ಅಂತ ನಾ ಹೇಳಬೇಕು. ಹಂಗಾರ ಆ ಇಪ್ಪತ್ತೇಳು ಏನು ಅಂತ ಕೇಳ್ತಾರ.”

ಗೋಡೆಗಂಟಿದ ಸಾಲು ಗೋಡೆಯೊಳಗೇ ಹೋಗಲು ನೋಡಿತು.

“ಗುರುತು ಹಿಡಿಯೋದರಾಗ ತಪ್ಪಾಗ್ಯದ, ಸಣ್ಣ ಗೊದಮೊಟ್ಟಿಗೆ ಬಾಲ ಇರ್ತದಲ್ಲ, ಅದನ್ನ ನೋಡಿ ಮೋಸ ಹೋಗ್ಯಾರ ಅಂತ ನಾ ಹೇಳಬಹುದು. ಆದ್ರ ನನಗ ಖರೇ ಲೆಕ್ಕ ಬೇಕು. ಕಪ್ಪಿ ಕೂಗೋದು ಮಳಿಗಾಲದಾಗ, ಹೊತ್ತು ಮುಳಗಿದ ಮ್ಯಾಲೆ. ಅದು ಮುಗಿಯೋತನ ದಿನಾ ಸಂಜಿಗೆ ನನಗ ಮಂದಿ ಬೇಕು. ಹೆಂಗೂ ನೀವೆಲ್ಲಾ ಮಾನ್ವ್ಯಾಗ ಮನಿ ಮಾಡೀರಂತಲ್ಲ?”

ಶಂಭುಲಿಂಗಪ್ಪನವರು ಹಾರವನ್ನು ದಾನೇಶ್ವರಿಯವರ ಕೊರಳಿಗೆ ಹಾಕಿದರು. ಬೇರೆ ದಾರಿ ಇರಲಿಲ್ಲ.

ಹೀಗೆ ಮಾನ್ವಿ ಹತ್ತಿರದ ಹಿರೇಕೊಟ್ನೆಕಲ್ ಹಳ್ಳಿಯ ಹೊರಗೆ, ಮಳೆನೀರು ನಿಂತ ಗದ್ದೆಗಳ ಬದುವಿನ ಮೇಲೆ, ಮಾನ್ವಿಯ ಅಧಿಕಾರಿಗಳು ಪ್ಯಾಂಟು ಮಡಿಚಿ ಬ್ಯಾಟರಿ ಹಿಡಿದು ನಿಂತರು. ದಾನೇಶ್ವರಿಯವರು ಒಂದೊಂದನ್ನೇ ಒದ್ದೆ ಕೈಯಲ್ಲಿ ಹಿಡಿದು ತೋರಿಸಿದರು. ಮೈಯೆಲ್ಲ ಗಂಟುಗಂಟಾದದ್ದು ನೆಲಗಪ್ಪೆ, ಅದರ ಚರ್ಮ ಒಣ, ಕುಪ್ಪಳಿಸುವುದಕ್ಕಿಂತ ನಡೆಯುವುದೇ ಹೆಚ್ಚು. ಬೆರಳ ತುದಿಗೆ ಅಂಟುವ ಗುಂಡಿಯಿದ್ದದ್ದು ಮರಗಪ್ಪೆ, ನೊರೆ ಕಟ್ಟಿ ಅದರಲ್ಲಿ ಮೊಟ್ಟೆ ಇಡುತ್ತದೆ. ಹಿಂಗಾಲಿನ ಹಿಮ್ಮಡಿಯಲ್ಲೇ ಸಲಿಕೆ ಇಟ್ಟುಕೊಂಡು ಹಿಮ್ಮುಖವಾಗಿ ಮಣ್ಣಿಗಿಳಿದು ಬೇಸಿಗೆಯೆಲ್ಲ ಮಲಗುವುದು ಬಿಲಗಪ್ಪೆ. ಗೂಳಿಯಂತೆ ಗುಟುರು ಹಾಕುವ ದೊಡ್ಡ ಗಂಡು ಕಪ್ಪೆ ಮಳೆ ಬಿದ್ದ ಖುಷಿಗೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೂಗಿದರೆ ಗಲ್ಲದ ಎರಡೂ ಕಡೆ ಬಲೂನಿನಂಥ ನೀಲಿ ಚೀಲಗಳು ಉಬ್ಬುತ್ತಿದ್ದವು.

“ಗಂಡು ಮಾತ್ರ ಕೂಗ್ತದ,” ಎಂದರು ದಾನೇಶ್ವರಿ. “ಹೆಣ್ಣು ಸುಮ್ನ ಕೇಳಿ, ಯಾವುದು ಚಲೋ ಕೂಗ್ತದ ಅಂತ ಲೆಕ್ಕ ಹಾಕ್ತದ.”

ಉರುಕುಂದಪ್ಪ ಗೋಪಮ್ಮನಿಗೆ ಫೋನು ಮಾಡಿದ. ಮಳೆಗಾಲ ಮುಗಿಯುವ ತನಕ ಮಾನ್ವಿಯಲ್ಲೇ ಇರುತ್ತೇನೆ ಎಂದ.

“ಅಲ್ಲಿ ಯಾರದಾರ?”

“ಕಪ್ಪಿ ಅದಾವ.”

“ಮೊನ್ನಿ ಬಾಲ ಅಂದ್ರಿ. ಇವತ್ತ ಕಪ್ಪಿ.” ಫೋನು ಕಟ್ಟಾಯಿತು.

ಮರುದಿನ ಸಂಜೆ ಬಸ್ಸಿನಿಂದ ಇಳಿದು, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಗೋಪಮ್ಮ ನೇರವಾಗಿ ಗದ್ದೆಯ ಬದುವಿಗೇ ಬಂದಳು. ದೂರದಿಂದಲೇ ಎಲ್ಲವನ್ನೂ ಒಮ್ಮೆ ಕಣ್ಣಾಡಿಸಿದಳು. ಸಾಹೇಬರು ಮೊಣಕಾಲ ತನಕ ಕೆಸರಿನಲ್ಲಿ ಹೂತಿದ್ದರು. ಅಣ್ಣ ಯಲ್ಲಾಲಿಂಗ ಇನ್ನೊಂದು ಕೆಸರಿನಲ್ಲಿ ಹೂತಿದ್ದ, ಗಡಿಗೆಪ್ಪ ಅವನನ್ನು ಹಿಂದಿನಿಂದ ಎಳೆಯುತ್ತಿದ್ದ. ಗಂಡ ಒಬ್ಬನೇ ಬದುವಿನ ತುದಿಯಲ್ಲಿ ಕಿವಿಗೆ ಕೈಯಿಟ್ಟು ಬೆರಳು ಮಡಿಚುತ್ತ ನಿಂತಿದ್ದ. ಬೇರೆ ಸಂಸಾರವೇನೂ ಕಾಣಲಿಲ್ಲ.

“ಎಷ್ಟಾದುವ್ರಿ?”

“ನೀ ಮಾತಾಡಿದ್ಯಲ್ಲ, ತಪ್ಪಿತು,” ಎಂದ ಉರುಕುಂದಪ್ಪ ಅಳುಮೋರೆಯಲ್ಲಿ. “ಇದು ಎಂಟನೇ ಸಲ. ನನಗ ಎಲ್ಲಾ ಒಂದ ದನಿ ಕೇಳಸ್ತದ, ಗೋಪಾ. ಯಾವುದು ಯಾವುದಂತ ತಿಳೀವಲ್ದು.”

ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ಕೇಳದ ಮಾತು. ಗೋಪಮ್ಮ ಅವನ ಮುಖವನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ರೊಟ್ಟಿಯ ಗಂಟನ್ನು ಅವನ ಕೈಗಿಟ್ಟು, ಸೀರೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಗಿಸಿ, ಬದುವಿನ ಮೇಲೆ ನಿಂತು ತಲೆ ಓರೆ ಮಾಡಿದಳು.

“ನಾಕು ಥರದ ದನಿ ಅದಾವಲ್ರಿ. ಒಂದು ಗುಟುರು ಹಾಕ್ತದ, ಒಂದು ಕಲ್ಲು ಕುಟ್ಟಿದಂಗ ಅಂತದ, ಒಂದು ನನ್ನ ಹೊಲಿಗಿ ಮಿಶಿನ್ನಿನಂಗ ಓಡ್ತದ. ನಾಕನೇದು ಮಾತ್ರ ಭಾಳ ಕೆಟ್ಟ ಒದರಾಕತ್ತದ.”

“ಅದು ನಮ್ಮ ಸಾಹೇಬ್ರು. ಚಪ್ಪಲಿ ಕೆಸರಾಗ ಕಳದದ ಅವರದು.”

“ಏನ್ರಿ ಸಾಹೇಬ್ರಾ!” ಗೋಪಮ್ಮನ ದನಿ ಗದ್ದೆಯ ಆಚೆ ದಂಡೆಗೆ ಮುಟ್ಟಿತು. “ಜರಾ ಬಾಯಿ ಮುಚ್ರಿ. ಎಣಸಾಕತ್ತೀನಿ.”

ಶಂಭುಲಿಂಗಪ್ಪನವರು ಬಾಯಿ ಮುಚ್ಚಿದರು. ಯಲ್ಲಾಲಿಂಗ ಎಳೆಸಿಕೊಳ್ಳುವುದನ್ನು ನಿಲ್ಲಿಸಿ ಇದ್ದಲ್ಲೇ ನಿಂತ. ಬದುವಿನುದ್ದಕ್ಕೂ ಅಧಿಕಾರಿಗಳು ಕೆಮ್ಮು ನುಂಗಿಕೊಂಡರು. ನೀರಿನ ನಡುವಿನಿಂದ ಒಂದು ಹಳದಿ ಗಂಡು ಗಂಟಲು ಉಬ್ಬಿಸಿ ಗುಟುರು ಹಾಕಿತು. ಗೋಪಮ್ಮ ಕೇಳಿದಳು, ಒಂದು ಬೆರಳು ಮಡಿಚಿದಳು.